ಗುರು ಗ್ರಹದಲ್ಲಿ ಮಳೆಗಾಲ ಇದೆಯಾ? ಎಂಟನೇ ಕ್ಲಾಸಿನ ಹುಡುಗಿ ಕೇಳಿದಳು, ನಾನು ಸಿಕ್ಕಿಬಿದ್ದೆ

ಮೇಷ್ಟ್ರು_ಪಾಂಡವಪುರ

ಎಲ್ಲರಿಗೂ ನಮಸ್ಕಾರ. ಪಾಂಡವಪುರದ ಹತ್ತಿರ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಕಳೆದ ಶನಿವಾರ ಮೈಸೂರಿನ ಗೆಳೆಯನ ಹತ್ತಿರ ಆರು ಇಂಚಿನ ದೂರದರ್ಶಕ ಕೇಳಿ ತಂದು, ಮೈದಾನದಲ್ಲಿ ಇಟ್ಟು, ಮಕ್ಕಳಿಗೆ ಗುರು ಗ್ರಹ ತೋರಿಸಿದೆ. ಈಗ ಅದು ಪುನರ್ವಸುವಿನ ಜೋಡಿ ನಕ್ಷತ್ರಗಳ ಪಕ್ಕದಲ್ಲೇ ಇದೆ. ರಾತ್ರಿ ಒಂಬತ್ತಕ್ಕೆಲ್ಲ ಪೂರ್ವದಲ್ಲಿ ಚೆನ್ನಾಗಿ ಮೇಲೆ ಬಂದಿರುತ್ತದೆ, ಹುಡುಕುವ ಕಷ್ಟವೇ ಇಲ್ಲ. ದೂರದಲ್ಲಿ ಯಾರೋ ಕಬ್ಬಿನ ತರಗಿಗೆ ಬೆಂಕಿ ಇಟ್ಟಿದ್ದರು, ಸ್ವಲ್ಪ ಹೊಗೆ ಇತ್ತು. ಆದರೂ ಎರಡು ಕಂದು ಪಟ್ಟೆ, ನಾಲ್ಕು ಚಂದ್ರ ಸ್ಪಷ್ಟವಾಗಿ ಕಂಡವು.

ಆ ಪಟ್ಟೆಗಳೆಲ್ಲ ಮೋಡ ಅಂತ ನಾನು ಹೇಳಿದ್ದೇ ತಡ, ಎಂಟನೇ ಕ್ಲಾಸಿನ ಒಬ್ಬಳು ಹುಡುಗಿ ಕೇಳಿದಳು: "ಸಾ, ಅಲ್ಲೂವೆ ಮಳೆಗಾಲ, ಬ್ಯಾಸ್ಗೆ ಅಂತ ಐತಾ?"

ಪುಸ್ತಕದಲ್ಲಿ ಇದ್ದಂತೆ ಹೇಳಿದೆ. ಭೂಮಿ ವಾಲಿಕೊಂಡು ತಿರುಗುವುದರಿಂದ ನಮಗೆ ಋತುಗಳು, ಗುರು ಹೆಚ್ಚುಕಡಿಮೆ ನೆಟ್ಟಗೆ ನಿಂತಿದೆ, ಬರೀ 3 ಡಿಗ್ರಿ ವಾಲಿದೆ, ಅದಕ್ಕೇ ಅಲ್ಲಿ ಋತು ಅಂತ ಹೇಳುವಂಥದ್ದು ಇಲ್ಲ ಅಂದೆ. ಅವಳು ಬಿಡಲಿಲ್ಲ. "ಹಂಗಾರೆ ಅಲ್ಲಿ ಏನೂ ಬದ್ಲಾಗಕಿಲ್ವಾ ಸಾ?" ಹೌದು ಅನ್ನಲು ಬಾಯಿ ಬಂತು, ಆದರೆ ಎಲ್ಲೋ ನೋಡಿದ ಎರಡು ಫೋಟೋ ನೆನಪಾದವು. ಒಂದರಲ್ಲಿ ಎರಡು ಪಟ್ಟೆ, ಇನ್ನೊಂದರಲ್ಲಿ ಒಂದೇ! ಸೋಮವಾರ ಹೇಳುತ್ತೇನೆ ಅಂತ ತಪ್ಪಿಸಿಕೊಂಡೆ.

ನನಗೂ ಈಗ ಕುತೂಹಲ. ಹವಾಮಾನ ಬೇರೆ, ವಾಯುಗುಣ ಬೇರೆ ಅಂತ ನಾವೇ ಪಾಠ ಮಾಡುತ್ತೇವೆ. ಇವತ್ತು ಮಳೆ ಬಂತೋ ಇಲ್ಲವೋ ಅನ್ನುವುದು ಹವಾಮಾನ, 30 ವರ್ಷದ ಸರಾಸರಿ ನೋಡಿ ಹೇಳುವುದು ವಾಯುಗುಣ. ಗುರು ಗ್ರಹದಲ್ಲಿ ನಿಲ್ಲಲು ನೆಲವೇ ಇಲ್ಲ. ಉಷ್ಣತೆಯನ್ನು ಎಲ್ಲಿ ಅಳೆಯುತ್ತಾರೆ? ಎಷ್ಟು ವರ್ಷ ಅಳೆದರೆ ವಾಯುಗುಣ ಅನ್ನಬಹುದು? ಋತುಗಳಿಲ್ಲದೆ ಬದಲಾಗುವುದಾದರೂ ಯಾಕೆ? ಬಲ್ಲವರು ಹೇಳಿ. ಮಕ್ಕಳಿಗೆ ಹೇಳುವ ಹಾಗೆ ಹೇಳಿದರೆ ಇನ್ನೂ ಒಳ್ಳೆಯದು.

ಗಂಗೋತ್ರಿ_ಕಟ್ಟೆ

ಮೇಷ್ಟ್ರೇ, ಮೊದಲು ಆ ಹುಡುಗಿಗೆ ಒಂದು ಒಳ್ಳೆ ಪೆನ್ನು ಕೊಡಿಸಿ. ಅವಳು ಕೇಳಿದ ಎರಡನೇ ಪ್ರಶ್ನೆಗೆ ದೊಡ್ಡ ದೊಡ್ಡವರೂ ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದಾರೆ. (ನಾನು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಫಿಸಿಕ್ಸ್ ಓದಿದವನು. ಈಗ ಮಾಡುತ್ತಿರುವ ಕೆಲಸಕ್ಕೂ ಅದಕ್ಕೂ ಸಂಬಂಧ ಇಲ್ಲ, ಆದರೆ ಈ ಹುಚ್ಚು ಬಿಟ್ಟಿಲ್ಲ.)

3 ಡಿಗ್ರಿ ವಿಷಯ ನೀವು ಹೇಳಿದ್ದು ಸರಿ. ಅಲ್ಲಿನ ಒಂದು ವರ್ಷ ನಮ್ಮ ಸುಮಾರು 12 ವರ್ಷ, ಸರಿಯಾಗಿ ಹೇಳಬೇಕೆಂದರೆ 11.86. ಇದನ್ನು ಮಕ್ಕಳಿಗೆ ಹೇಳಲು ಕಾವೇರಿ ಪುಷ್ಕರವೇ ಸಾಕು. ಗುರು ತುಲಾ ರಾಶಿಗೆ ಬಂದಾಗ ಪುಷ್ಕರ, 2017ರಲ್ಲಿ ಆಯಿತಲ್ಲ, ಮತ್ತೆ ಬರಲು 12 ವರ್ಷ. ಒಂದು ಪುಷ್ಕರದಿಂದ ಇನ್ನೊಂದು ಪುಷ್ಕರಕ್ಕೆ ಗುರುವಿನ ಒಂದೇ ಒಂದು ವರ್ಷ. ದಿನ ಮಾತ್ರ ಚಿಕ್ಕದು, 10 ಗಂಟೆಯೂ ಪೂರ್ತಿ ಇಲ್ಲ.

ಆದರೆ ಒಂದು ವಿಷಯ ನಿಮ್ಮ ಉತ್ತರದಲ್ಲಿ ಬಿಟ್ಟುಹೋಗಿದೆ. ನಮ್ಮ ಹವಾಮಾನ ಓಡುವುದೆಲ್ಲ ಸೂರ್ಯನ ಬಿಸಿಯಿಂದ. ಗುರು ಸೂರ್ಯನಿಂದ ನಮಗಿಂತ 5 ಪಟ್ಟು ದೂರ ಇದೆ, ಅಲ್ಲಿಗೆ ಸಿಗುವ ಬಿಸಿಲು ನಮಗೆ ಸಿಗುವುದರಲ್ಲಿ 27ರಲ್ಲಿ ಒಂದು ಪಾಲು. ಅದು ಸಾಲದು. ಆದರೆ ಗುರುವಿಗೆ ಒಳಗಡೆಯೇ ಒಲೆ ಇದೆ. ಹುಟ್ಟಿದಾಗಿನ ಕಾವು ಇನ್ನೂ ಆರಿಲ್ಲ, ನಿಧಾನವಾಗಿ ಕುಗ್ಗುತ್ತಾ ಇರುವುದರಿಂದಲೂ ಶಾಖ ಬರುತ್ತದೆ. ಸೂರ್ಯನಿಂದ ಪಡೆಯುವುದಕ್ಕಿಂತ ಜಾಸ್ತಿ ಶಾಖವನ್ನು ಅದೇ ಹೊರಗೆ ಬಿಡುತ್ತದೆ. ಆಲೆಮನೆಯ ಕೊಪ್ಪರಿಗೆ ನೆನಪಿಸಿಕೊಳ್ಳಿ. ಕೆಳಗಿನಿಂದ ಉರಿ, ಬಿಸಿಯಾದದ್ದು ನಡುವೆ ಉಕ್ಕಿ ಮೇಲೆ ಬರುತ್ತದೆ, ತಣ್ಣಗಾದದ್ದು ಅಂಚಿನಲ್ಲಿ ಇಳಿಯುತ್ತದೆ. ಗುರುವಿನಲ್ಲೂ ಅದೇ. ಆದರೆ ಕೊಪ್ಪರಿಗೆಯನ್ನೇ 10 ಗಂಟೆಗೊಂದು ಸುತ್ತು ಗಿರ್ರನೆ ತಿರುಗಿಸಿದರೆ ಆ ಉಕ್ಕುವಿಕೆ ಎಲ್ಲ ಅಡ್ಡಡ್ಡ ಎಳೆದುಕೊಂಡು ಪಟ್ಟೆ ಪಟ್ಟೆ ಆಗುತ್ತದೆ. ಬಿಳಿ ಪಟ್ಟೆಯಲ್ಲಿ ಎತ್ತರದ ಅಮೋನಿಯಾ ಮಂಜಿನ ಮೋಡ ದಟ್ಟವಾಗಿರುತ್ತದೆ, ಕಂದು ಪಟ್ಟೆಯಲ್ಲಿ ಆ ಬಿಳಿ ಹೊದಿಕೆ ತೆಳ್ಳಗೆ. ಪಟ್ಟೆಗಳ ಅಂಚಿನಲ್ಲಿ ಗಾಳಿ ಒಂದು ಕಡೆ ಪೂರ್ವಕ್ಕೆ, ಪಕ್ಕದಲ್ಲೇ ಪಶ್ಚಿಮಕ್ಕೆ ಓಡುತ್ತದೆ. ಕೆಲವು ಕಡೆ ಗಂಟೆಗೆ 350 ಕಿ.ಮೀ. ದಾಟುತ್ತದೆ. ಈ ಗಾಳಿ ಬರೀ ಮೇಲ್ಮೈಯದ್ದಲ್ಲ, ಸುಮಾರು 3,000 ಕಿ.ಮೀ. ಆಳದವರೆಗೂ ಇದೆ ಅಂತ ಗುರುವನ್ನು ಸುತ್ತುವ ನಾಸಾದ ಜುನೋ ನೌಕೆಯಿಂದ ಗೊತ್ತಾಯಿತು. ನೌಕೆ ಹಾದು ಹೋಗುವಾಗ ಗುರುತ್ವದಲ್ಲಿ ಆಗುವ ಚೂರುಪಾರು ಏರುಪೇರು ಅಳೆದು ಕಂಡುಹಿಡಿದದ್ದು ಇದು.

ಇನ್ನು ಉಷ್ಣತೆ ಎಲ್ಲಿ ಅಳೆಯುತ್ತಾರೆ ಅಂದಿರಿ. ನೆಲ ಇಲ್ಲದ್ದಕ್ಕೆ ಒತ್ತಡವನ್ನೇ ನೆಲ ಅಂದುಕೊಳ್ಳುತ್ತಾರೆ. ನಮ್ಮ ಸಮುದ್ರ ಮಟ್ಟದಲ್ಲಿ ಎಷ್ಟು ಗಾಳಿಯ ಒತ್ತಡ ಇದೆಯೋ ಹೆಚ್ಚುಕಡಿಮೆ ಅಷ್ಟೇ ಒತ್ತಡ ಇರುವ ಎತ್ತರ ಅಲ್ಲಿ ಎಲ್ಲಿ ಬರುತ್ತದೋ ಅದು ಸೊನ್ನೆ. ಅಲ್ಲಿ ಸುಮಾರು ಮೈನಸ್ 108 ಡಿಗ್ರಿ ಸೆಲ್ಸಿಯಸ್. ಕೆಳಗೆ ಹೋದಷ್ಟೂ ಬಿಸಿ. ಅಳೆಯುವುದಕ್ಕೆ ಥರ್ಮಾಮೀಟರ್ ತೂಗು ಹಾಕಬೇಕಿಲ್ಲ. ಬಿಸಿ ಇರುವ ಎಲ್ಲವೂ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಡುತ್ತದೆ. ಅದರಲ್ಲಿ ಬೇರೆ ಬೇರೆ ತರಂಗ ಬೇರೆ ಬೇರೆ ಆಳದಿಂದ ಬರುತ್ತದೆ. ಹಾಗಾಗಿ ಒಂದು ತರಂಗದಲ್ಲಿ ನೋಡಿದರೆ ಮಹಡಿ, ಇನ್ನೊಂದರಲ್ಲಿ ನೋಡಿದರೆ ಕೆಳಮನೆ. ಜಾಸ್ತಿ ಆಳ ಬೇಕೆಂದರೆ ಮೈಕ್ರೋವೇವ್. ಜುನೋ 2016ರಿಂದ ಅದನ್ನೂ ಮಾಡುತ್ತಿದೆ.

ಈಗ ನಿಮ್ಮ ಹುಡುಗಿಯ ಪ್ರಶ್ನೆ. ಹವಾಯಿ ದ್ವೀಪದ ಮೌನಾ ಕೇಯಾ ಬೆಟ್ಟದ ಮೇಲೆ ನಾಸಾದ ಇನ್‌ಫ್ರಾರೆಡ್ ದೂರದರ್ಶಕ, ಅಲ್ಲೇ ಜಪಾನಿನ ಸುಬಾರು, ಚಿಲಿಯಲ್ಲಿ ಯುರೋಪಿನವರ ದೊಡ್ಡ ದೂರದರ್ಶಕ, ಇವುಗಳಿಂದ 40 ವರ್ಷ ಒಂದೇ ಸಮನೆ ಗುರುವಿನ ಉಷ್ಣತೆ ಅಳೆದಿದ್ದಾರೆ. ಶುರುವಾದದ್ದು 1978ರಲ್ಲಿ. 2022ರ ಡಿಸೆಂಬರ್‌ನಲ್ಲಿ ಅದರ ಫಲಿತಾಂಶ ಬಂತು. ಋತುವೇ ಇಲ್ಲದ ಗ್ರಹದಲ್ಲಿ ಉಷ್ಣತೆ ಏರಿಳಿಯುತ್ತಿದೆ, ಅದೂ ಲೆಕ್ಕ ಇಟ್ಟ ಹಾಗೆ! ಕೆಲವು ಪಟ್ಟೆಗಳಲ್ಲಿ 4 ವರ್ಷಕ್ಕೊಮ್ಮೆ, ಕೆಲವದರಲ್ಲಿ 7ರಿಂದ 9 ವರ್ಷಕ್ಕೆ, ಇನ್ನು ಕೆಲವು 10ರಿಂದ 14 ವರ್ಷಕ್ಕೆ. ಅದಕ್ಕಿಂತ ಮಜಾ ಏನೆಂದರೆ ಉತ್ತರದ ಒಂದು ಪಟ್ಟೆ ಬೆಚ್ಚಗಾದಾಗ ದಕ್ಷಿಣದಲ್ಲಿ ಅಷ್ಟೇ ದೂರದ ಪಟ್ಟೆ ತಣ್ಣಗಾಗುತ್ತದೆ. ತಕ್ಕಡಿ ಇದ್ದ ಹಾಗೆ. ನಡುವೆ ಸಾವಿರಾರು ಕಿಲೋಮೀಟರ್.

ದೂರದ ಎರಡು ಜಾಗಗಳಿಗೆ ಹೀಗೆ ನಂಟು ಇರುವುದು ನಮಗೆ ಹೊಸದಲ್ಲ. 2023ರಲ್ಲಿ ಎಲ್ ನಿನೋ ಎಲ್ ನಿನೋ ಅಂತ ಪೇಪರ್ ತುಂಬ ಬರುತ್ತಿತ್ತು, ಆ ವರ್ಷ ಕನ್ನಂಬಾಡಿ ತುಂಬಲಿಲ್ಲ. ದಕ್ಷಿಣ ಅಮೆರಿಕದ ಆಚೆ ಸಮುದ್ರದ ನೀರು ಬಿಸಿಯಾದರೆ ಮಂಡ್ಯದ ರೈತ ಆಕಾಶ ನೋಡುತ್ತಾನೆ. ಆದರೆ ನಮ್ಮಲ್ಲಿ ಸಮುದ್ರ ಇದೆ, ನೆಲ ಇದೆ, ಸಹ್ಯಾದ್ರಿ ಇದೆ. ಗುರುವಿನಲ್ಲಿ ಅದ್ಯಾವುದೂ ಇಲ್ಲದೆ ಈ ತಕ್ಕಡಿ ಆಡುತ್ತಿದೆ. ಯಾಕೆ ಅನ್ನುವುದಕ್ಕೆ ಇನ್ನೂ ಗಟ್ಟಿ ಉತ್ತರ ಸಿಕ್ಕಿಲ್ಲ. ಸಮಭಾಜಕದ ಮೇಲೆ, ಎತ್ತರದ ಪದರ ಬಿಸಿಯಾದಾಗ ಕೆಳಗಿನ ಪದರ ತಣ್ಣಗಾಗುವುದೂ ಕಂಡಿದೆ. ಮೇಲೆ ಆಗುವುದು ಕೆಳಗಿನ ಹವಾಮಾನವನ್ನು ಆಡಿಸುತ್ತಿರಬಹುದು ಅನ್ನುವುದಕ್ಕೆ ಅದೊಂದು ಸುಳಿವು.

40 ವರ್ಷ ಅಂದರೆ ಜಾಸ್ತಿ ಅನ್ನಿಸುತ್ತದೆ ಅಲ್ವಾ? ಗುರುವಿನ ಲೆಕ್ಕದಲ್ಲಿ ಅದು ಮೂರೂವರೆ ವರ್ಷ. ಮಂಡ್ಯದಲ್ಲಿ ಮೂರೇ ಮೂರು ಮುಂಗಾರು ನೋಡಿದವನು ಇಲ್ಲಿನ ವಾಯುಗುಣ ಹೇಳಲು ಹೊರಟರೆ ನಾವು ಏನನ್ನುತ್ತೇವೆ?

ಬೆಲ್ಲದಚ್ಚು

ಏನ್ ಗುರು, ಗುರುವಿನ ಬಗ್ಗೆ ಇಷ್ಟುದ್ದ! ನಮ್ಮಜ್ಜಿ 3 ವರ್ಷದಿಂದ ನನಗೆ ಗುರುಬಲ ಬರಲಿ ಅಂತ ಕಾಯುತ್ತಿದ್ದಾಳೆ, ಅಲ್ಲಿ ನೋಡಿದರೆ ಅದಕ್ಕೇ ಒಂದು ಕಡೆ ಚಳಿ ಒಂದು ಕಡೆ ಜ್ವರ.

ಆದರೆ ಆಲೆಮನೆ ಉದಾಹರಣೆ ಒಪ್ಪಲ್ಲ. ನಮ್ಮದೇ ಆಲೆಮನೆ ಇದೆ, ಮದ್ದೂರು ಕಡೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ನಡುವೆಯೇ ಉಕ್ಕುತ್ತದೆ ಅನ್ನುವುದು ಸುಳ್ಳು. ಉರಿ ಎಲ್ಲಿ ಜೋರಾಗಿ ಬಡಿಯುತ್ತದೋ ಅಲ್ಲಿ ಉಕ್ಕುತ್ತದೆ, ನೊರೆ ಎದುರುಗಡೆ ಹೋಗಿ ಸೇರುತ್ತದೆ. ಒಲೆಗೆ ಸಿಪ್ಪೆ ಹಾಕುವವನು ಸ್ವಲ್ಪ ಮೈಮರೆತರೆ ಉಕ್ಕುವ ಜಾಗವೇ ಬದಲು. ಪುಸ್ತಕ ಓದಿ ಬೆಲ್ಲ ಬೇಯಿಸಬೇಡಿ ಸಾರ್.

ಇನ್ನೊಂದು. ಆ ಕೆಂಪು ಚುಕ್ಕೆ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ. 350 ವರ್ಷದಿಂದ ಬೀಸುತ್ತಿರುವ ಚಂಡಮಾರುತವಂತೆ, 3 ಭೂಮಿ ಹಿಡಿಸುತ್ತದಂತೆ. ಈಗ ಸಾಯುತ್ತಿದೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ನಿಜವಾ?

ಗಂಗೋತ್ರಿ_ಕಟ್ಟೆ

@ಬೆಲ್ಲದಚ್ಚು ತಪ್ಪಾಯ್ತು ಅಣ್ಣ, ಒಪ್ಪಿದೆ. ಆದರೆ ನೀವು ತಿದ್ದಿದ್ದರಿಂದಲೇ ಒಂದು ಒಳ್ಳೆ ಮಾತು ಹೊರಬಂತು. ಉರಿ ಒಂದೇ ಕಡೆ ಬಡಿಯುವ ಕೊಪ್ಪರಿಗೆ ಅಂದರೆ ಅದು ನಮ್ಮ ಭೂಮಿ. ಸಮಭಾಜಕದಲ್ಲಿ ಬಿಸಿಲು ಜಾಸ್ತಿ, ಧ್ರುವದಲ್ಲಿ ಕಡಿಮೆ, ಆ ವ್ಯತ್ಯಾಸವೇ ನಮ್ಮ ಗಾಳಿಯನ್ನೆಲ್ಲ ಓಡಿಸುವುದು. ಗುರುವಿನಲ್ಲಿ ಒಳಗಿನ ಒಲೆ ಎಲ್ಲ ಕಡೆಗೂ ಉರಿ ಕೊಡುತ್ತದೆ. ಅದಕ್ಕೇ ಅಲ್ಲಿ ಮೋಡದ ಮಟ್ಟದಲ್ಲಿ ಸಮಭಾಜಕಕ್ಕೂ ಧ್ರುವಕ್ಕೂ ಉಷ್ಣತೆಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಧ್ರುವದಲ್ಲೂ ಸುಮ್ನೆ ಕೂತಿಲ್ಲ, ಉತ್ತರ ಧ್ರುವದಲ್ಲಿ ನಡುವೆ ಒಂದು ಸುಂಟರಗಾಳಿ, ಅದರ ಸುತ್ತ ಎಂಟು. ದಕ್ಷಿಣದಲ್ಲಿ ನಡುವೆ ಒಂದು, ಸುತ್ತ ಐದು. ಹೂವಿನ ಎಸಳು ಜೋಡಿಸಿದ ಹಾಗೆ. ಜುನೋ ಹೋಗುವವರೆಗೂ ಅದನ್ನು ಯಾರೂ ನೋಡಿರಲಿಲ್ಲ.

ಕೆಂಪು ಚುಕ್ಕೆ ಬಗ್ಗೆ ಟೆರೇಸ್ ಅವರು ಹೇಳಲಿ, ಅದು ಅವರ ಜಾಗ.

ಟೆರೇಸ್_ದುರ್ಬೀನು

ಕರೆದಿದ್ದಕ್ಕೆ ಬಂದೆ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ ಟೆರೇಸೇ ನನ್ನ ವೀಕ್ಷಣಾಲಯ, ಎಂಟು ಇಂಚಿನ ದೂರದರ್ಶಕ, 2008ರಿಂದ ಗುರು ನೋಡುತ್ತಿದ್ದೇನೆ. ಪಕ್ಕದ ಮನೆಯವರ ನೀರಿನ ಟ್ಯಾಂಕ್ ಬಿಟ್ಟರೆ ಬೇರೆ ಶತ್ರುಗಳಿಲ್ಲ.

350 ವರ್ಷ ಅನ್ನುವುದನ್ನು ಸ್ವಲ್ಪ ಬಿಡಿಸಬೇಕು. 1665ರಲ್ಲಿ ಕ್ಯಾಸಿನಿ ಅನ್ನುವ ಖಗೋಳಜ್ಞ ಗುರುವಿನ ಮೇಲೆ ಒಂದು ಚುಕ್ಕೆ ನೋಡಿದ್ದು ನಿಜ. ಅದು 1713ರವರೆಗೆ ಕಂಡಿತು, ಆಮೇಲೆ 100 ವರ್ಷಕ್ಕೂ ಜಾಸ್ತಿ ಸುದ್ದಿಯೇ ಇಲ್ಲ. ಈಗ ನಾವು ನೋಡುವ ಚುಕ್ಕೆಯ ದಾಖಲೆ 1831ರಿಂದ ಸಿಗುತ್ತದೆ. ಎರಡೂ ಒಂದೇ ಅಲ್ಲ, ಹಳೆಯದು ಹೋಗಿ ಇದು ಹೊಸದಾಗಿ ಹುಟ್ಟಿದ್ದು ಅಂತ 2024ರಲ್ಲಿ ಹಳೇ ಚಿತ್ರಗಳನ್ನೆಲ್ಲ ಅಳೆದು ನೋಡಿದವರು ಹೇಳಿದ್ದಾರೆ. ಹಾಗಾದರೆ ವಯಸ್ಸು 190 ಚಿಲ್ಲರೆ. ನನಗೆ ಇದೇ ಸರಿ ಅನ್ನಿಸುತ್ತದೆ.

3 ಭೂಮಿ ಹಿಡಿಸುತ್ತಿದ್ದದ್ದು 1800ರ ಕೊನೆಯಲ್ಲಿ. ಆಗ ಉದ್ದ 41,000 ಕಿ.ಮೀ. 1979ರಲ್ಲಿ ವಾಯೇಜರ್ ನೌಕೆಗಳು ಹೋದಾಗ ಸುಮಾರು 23,000. ಬಾಹ್ಯಾಕಾಶದಲ್ಲಿರುವ ಹಬಲ್ ದೂರದರ್ಶಕ 2014ರಲ್ಲಿ ಅಳೆದಾಗ 16,500. ಈಗ ಒಂದು ಭೂಮಿ ಸರಿಯಾಗಿ ಕೂರುತ್ತದೆ, ಅಷ್ಟೇ. ಹಾಗಂತ ಸಾಯುತ್ತಿದೆ ಅಂತ ನಾನು ಹೇಳಲ್ಲ. ಉದ್ದ ಕುಗ್ಗಿ ದುಂಡಗಾಗುತ್ತಿದೆ, ಆದರೆ 2009ರಿಂದ 2020ರವರೆಗೆ ಹಬಲ್ ಲೆಕ್ಕ ನೋಡಿದರೆ ಅದರ ಹೊರ ಅಂಚಿನ ಗಾಳಿಯ ವೇಗ 8% ಜಾಸ್ತಿಯಾಗಿದೆ. ಬುಡ 300ರಿಂದ 500 ಕಿ.ಮೀ. ಆಳಕ್ಕೆ ಇದೆ ಅಂತ ಜುನೋ ತೋರಿಸಿದೆ. ಇನ್ನೊಂದು, 90 ದಿನಕ್ಕೊಮ್ಮೆ ಅದು ಹಿಂದೆ ಮುಂದೆ ತೂಗುತ್ತದೆ, ಅದರ ಜೊತೆ ಗಾತ್ರವೂ ಉಬ್ಬಿ ಕುಗ್ಗುತ್ತದೆ. ಒಂದು ತಿಂಗಳ ಫೋಟೋ ಹಿಡಿದು "ಸತ್ತೇ ಹೋಯ್ತು" ಅಂತ ಸುದ್ದಿ ಮಾಡುವವರಿಗೆ ಇದು ಗೊತ್ತಿರಲ್ಲ.

ಮೇಷ್ಟ್ರೇ, ನೀವು ನೋಡಿದ ಒಂದೇ ಪಟ್ಟೆಯ ಫೋಟೋ 2010ರದ್ದು ಇರಬೇಕು. ಆ ವರ್ಷ ನಾನೂ ನೋಡಿದೆ. 2009ರ ಕೊನೆಯಲ್ಲಿ ಗುರು ಸೂರ್ಯನ ಹಿಂದೆ ಸರಿಯುವಾಗ ದಕ್ಷಿಣದ ಪಟ್ಟೆ ಮಾಸುತ್ತಿತ್ತು, 2010ರಲ್ಲಿ ಮತ್ತೆ ಕಂಡಾಗ ಪಟ್ಟೆಯೇ ಮಾಯ. ದೂರದರ್ಶಕ ಕೆಟ್ಟಿತು ಅಂತ ಕನ್ನಡಿ ಬಿಚ್ಚಿ ಒರೆಸಿದ್ದೆ, ಸುಮ್ನೆ! ಪಟ್ಟೆ ಎಲ್ಲೂ ಹೋಗಿರಲಿಲ್ಲ, ಅದರ ಮೇಲೆ ಅಮೋನಿಯಾ ಮಂಜಿನ ಬಿಳಿ ಮೋಡ ಕವಿದಿತ್ತು. ಅದೇ ವರ್ಷ ನವೆಂಬರ್ 9ರಂದು ಫಿಲಿಪ್ಪೀನ್ಸ್‌ನ ಹವ್ಯಾಸಿ ಕ್ರಿಸ್ಟೋಫರ್ ಗೋ ಅಲ್ಲಿ ಒಂದು ಪುಟ್ಟ ಬಿಳಿ ಚುಕ್ಕೆ ಎದ್ದದ್ದನ್ನು ಹಿಡಿದರು. ಕೆಳಗಿನಿಂದ ಬುಗ್ಗೆಯಂತೆ ಎದ್ದ ಮೋಡ ಅದು. ಅಲ್ಲಿಂದ ಮುಂದೆ ವಾರ ವಾರಕ್ಕೂ ಕದಡಿ ಕದಡಿ, ಪಟ್ಟೆ ಮತ್ತೆ ಮೂಡಿತು. 1973ರಲ್ಲಿ, 1989–90ರಲ್ಲಿ ಕೂಡ ಹೀಗೇ ಆಗಿತ್ತು. ಇದಕ್ಕೆ ಸರಿಯಾದ ಅವಧಿ ಇಲ್ಲ. ನಮ್ಮ ಕೆರೆ ಕೋಡಿ ಬೀಳುವ ಹಾಗೆ, ಬಿದ್ದರೆ ಬಿತ್ತು.

ಇಲ್ಲಿ ಒಂದು ಎಚ್ಚರ ಬೇಕು. ನಾನು ನೀವು ನೋಡುವುದು ಮೋಡದ ಬಣ್ಣ. ಗಂಗೋತ್ರಿ ಅವರು ಹೇಳಿದ್ದು ಉಷ್ಣತೆ. ಬಣ್ಣ ಬದಲಾದ ಕೂಡಲೇ ಗ್ರಹ ಬಿಸಿಯಾಯಿತು ಅಂತಲ್ಲ. ನಮಗೆ ಮಂಕಾಗಿ ಕಾಣುವ ಕಂದು ಪಟ್ಟೆ ಇನ್‌ಫ್ರಾರೆಡ್‌ನಲ್ಲಿ ಕೆಂಡದ ಹಾಗೆ ಹೊಳೆಯುತ್ತದೆ, ಯಾಕೆಂದರೆ ಅಲ್ಲಿ ಮೋಡ ತೆಳ್ಳಗಿದ್ದು ಒಳಗಿನ ಶಾಖ ಹೊರಗೆ ಬರುತ್ತದೆ. ಹೆಂಚಿನ ಸಂದಿಯಲ್ಲಿ ಒಳಗಿನ ದೀಪ ಕಂಡ ಹಾಗೆ.

ಮಕ್ಕಳಿಂದ ಮಾಡಿಸಬಹುದಾದ ಕೆಲಸ ಇದೆ. ವಾರಕ್ಕೊಮ್ಮೆ ಒಂದು ದುಂಡನೆ ಚಿತ್ರ, ಯಾವ ಪಟ್ಟೆ ಕಡು, ಯಾವುದು ತೆಳು, ದಿನಾಂಕ, ಗಂಟೆ, ಅಷ್ಟು ಬರೆಯಲಿ. ಬ್ರಿಟಿಷ್ ಖಗೋಳ ಸಂಘದ ಹವ್ಯಾಸಿಗಳು 1890ರ ದಶಕದಿಂದ ಇದನ್ನೇ ಮಾಡುತ್ತಾ ಬಂದಿದ್ದಾರೆ. ಪಟ್ಟೆ ಯಾವಾಗ ಮಾಯವಾಗಿತ್ತು ಅಂತ ವಿಜ್ಞಾನಿಗಳು ಇವತ್ತಿಗೂ ನೋಡುವುದು ಅಂಥ ಚಿತ್ರಗಳನ್ನೇ. ಕೆಂಪು ಚುಕ್ಕೆ ಬೇಕೆಂದರೆ ಅದು ನಮ್ಮ ಕಡೆಗೆ ತಿರುಗುವ ಹೊತ್ತು ನೋಡಿಕೊಂಡು ಹೋಗಿ. ಹೆಚ್ಚೆಂದರೆ ಒಂದೆರಡು ಗಂಟೆ ಚೆನ್ನಾಗಿ ಕಾಣುತ್ತದೆ. ಮತ್ತೆ ಒಂಬತ್ತಕ್ಕೆ ಬೇಡ, ಇನ್ನೂ ಮೇಲೆ ಬರಲಿ. ನಡುರಾತ್ರಿ ಹೊತ್ತಿಗೆ ಹೆಚ್ಚುಕಡಿಮೆ ನೆತ್ತಿ ಮೇಲೆ ಇರುತ್ತದೆ, ಆಗ ಗಾಳಿಯ ನಡುಕವೂ ಕಡಿಮೆ, ತರಗಿನ ಹೊಗೆಯೂ ಕೆಳಗೇ ಉಳಿಯುತ್ತದೆ. ಮಕ್ಕಳ ಮನೆಯವರು ಒಪ್ಪಬೇಕು, ಅದು ನಿಮಗೆ ಬಿಟ್ಟದ್ದು.

ನಾಲೆ_ನೀರು

ನಾನು ರಿಟೈರ್ ಆದವನು, ಖಗೋಳ ಗೊತ್ತಿಲ್ಲ. ಆದರೆ 20 ವರ್ಷ ಮಳೆ ಬರೆದಿದ್ದೇನೆ. ದಿನಾ ಬೆಳಗ್ಗೆ 8:30ಕ್ಕೆ ಮಳೆ ಮಾಪಕದ ನೀರು ಅಳೆದು ಪುಸ್ತಕದಲ್ಲಿ ಬರೆಯುವುದು, ಹಬ್ಬ ಇರಲಿ ಮದುವೆ ಇರಲಿ. ಅದಕ್ಕೇ ಈ 40 ವರ್ಷದ ಲೆಕ್ಕ ಓದಿ ಖುಷಿಯಾಯಿತು, ಜೊತೆಗೆ ಒಂದು ಅನುಮಾನವೂ ಬಂತು.

ನಾನು ಇದ್ದ ಕಡೆ ಒಮ್ಮೆ ಕಟ್ಟಡಕ್ಕೆ ಜಾಗ ಬೇಕು ಅಂತ ಮಾಪಕವನ್ನು ಎತ್ತಿ ಒಂದು ಹೊಂಗೆ ಮರದ ಹತ್ತಿರ ಇಟ್ಟರು. ಬೇಡ ಅಂದೆ, ಕೇಳಲಿಲ್ಲ. ಎರಡು ವರ್ಷ ನಮ್ಮಲ್ಲಿ ಮಳೆ ಕಡಿಮೆ, ಪಕ್ಕದ ಹೋಬಳಿಯಲ್ಲಿ ಚೆನ್ನಾಗಿ ಬಿದ್ದಿದೆ. ಜನ ಆರಿದ್ರಾ ಮಳೆ ಕೈಕೊಟ್ಟಿತು ಅಂದರು. ಕೈಕೊಟ್ಟದ್ದು ಮರದ ಕೊಂಬೆ. ಆಮೇಲೆ ಮಾಪಕವನ್ನು ಬಯಲಿಗೆ ತಂದ ಮೇಲೆ ಸರಿಹೋಯಿತು, ಆದರೆ ಪುಸ್ತಕದಲ್ಲಿ ಆ ಎರಡು ವರ್ಷ ಹಾಗೇ ಉಳಿದಿದೆ. ಮುಂದೆ ಯಾರೋ ನೋಡಿ ಬರಗಾಲ ಅಂದುಕೊಳ್ಳುತ್ತಾರೆ.

ಇವರದ್ದೂ 40 ವರ್ಷದಲ್ಲಿ ಉಪಕರಣ ಬದಲಾಗಿರಬೇಕು, ಜಾಗವೂ ಬೇರೆ ಬೇರೆ. ಹವಾಯಿ ಬೇರೆ, ಚಿಲಿ ಬೇರೆ. ಬದಲಾದದ್ದು ಗುರುವೋ ಉಪಕರಣವೋ ಅಂತ ಹೇಗೆ ಗೊತ್ತು?

ಗಂಗೋತ್ರಿ_ಕಟ್ಟೆ

ಸಾರ್, ಇಡೀ ಚರ್ಚೆಯಲ್ಲಿ ಇದೇ ಒಳ್ಳೆ ಪ್ರಶ್ನೆ. ಹುಡುಗಿಯದ್ದು ಬಿಟ್ಟು.

ಒಂದು ದಾರಿ ಎಂದರೆ ಪಕ್ಕದಿಂದ ಹಾದುಹೋದ ನೌಕೆಗಳ ಅಳತೆ. 1979ರಲ್ಲಿ ವಾಯೇಜರ್, 2000ದ ಡಿಸೆಂಬರ್ ಕೊನೆಯಲ್ಲಿ ಶನಿಗೆ ಹೊರಟಿದ್ದ ಕ್ಯಾಸಿನಿ ನೌಕೆ. ಅವು ಹತ್ತಿರದಿಂದ, ಭೂಮಿಯ ಗಾಳಿಯ ಅಡ್ಡಿ ಇಲ್ಲದೆ ಅಳೆದವು. ಆ ಅಳತೆಗೆ ಇಟ್ಟು ನೋಡಿ ನೆಲದ ದೂರದರ್ಶಕಗಳ ಲೆಕ್ಕವನ್ನು ಸರಿಪಡಿಸಿಕೊಳ್ಳುತ್ತಾರೆ. ಅಂಗಡಿಯ ತಕ್ಕಡಿಗೆ ಸರ್ಕಾರಿ ಮುದ್ರೆಯ ಬಟ್ಟು ಇಟ್ಟ ಹಾಗೆ. ನಮ್ಮ ಗಾಳಿಯಲ್ಲಿರುವ ನೀರಾವಿಯೂ ಇನ್‌ಫ್ರಾರೆಡ್ ನುಂಗುತ್ತದೆ, ಅದಕ್ಕೇ 4,200 ಮೀಟರ್ ಎತ್ತರದ ಬೆಟ್ಟ ಹುಡುಕಿಕೊಂಡು ಹೋಗುವುದು. ಅದು ಅವರ "ಮರದಿಂದ ದೂರ ಬಯಲು".

ಇನ್ನೊಂದು, ತಕ್ಕಡಿಯ ಮಾತೇ ಒಂದು ಸಾಕ್ಷಿ. ಉಪಕರಣ ಸುಳ್ಳು ಹೇಳಿದರೆ ಗ್ರಹ ಪೂರ್ತಿ ಬಿಸಿ ಅಥವಾ ಪೂರ್ತಿ ತಣ್ಣಗೆ ತೋರಿಸಬೇಕು. ಒಂದೇ ರಾತ್ರಿ, ಒಂದೇ ಚಿತ್ರದಲ್ಲಿ ಉತ್ತರ ಬೆಚ್ಚಗೆ ದಕ್ಷಿಣ ತಣ್ಣಗೆ, ಕೆಲವು ವರ್ಷ ಆದ ಮೇಲೆ ಅದೇ ಉಲ್ಟಾ ಅಂದರೆ ಉಪಕರಣದ ಮೇಲೆ ಹೊರಿಸುವುದು ಕಷ್ಟ. ನಿಮ್ಮ ಹೊಂಗೆ ಮರ ಅಷ್ಟು ಬುದ್ಧಿವಂತ ಅಲ್ಲ.

ಹಬಲ್ ಕೂಡ 2014ರಿಂದ ಪ್ರತಿ ವರ್ಷ ಹೊರಗಿನ ದೊಡ್ಡ ಗ್ರಹಗಳನ್ನು ತಪ್ಪದೆ ನೋಡುವ ಕೆಲಸ ಇಟ್ಟುಕೊಂಡಿದೆ. ನೀವು 8:30ಕ್ಕೆ ಹೋಗುತ್ತಿದ್ದ ಹಾಗೆ. ಇಂಥ ಕೆಲಸಕ್ಕೆ ದೊಡ್ಡ ಸುದ್ದಿ ಸಿಗಲ್ಲ, ಆದರೆ ಇದಿಲ್ಲದೆ ಬೇರೆ ಯಾವುದೂ ನಿಲ್ಲಲ್ಲ.

ಬೆಲ್ಲದಚ್ಚು

ಎಲ್ಲ ಸರಿ, ಮಳೆ ಬರುತ್ತಾ ಇಲ್ವಾ? ಅದೇ ಮರೆತುಬಿಟ್ಟಿರಿ.

ಗಂಗೋತ್ರಿ_ಕಟ್ಟೆ

ಹೌದಲ್ಲ! ಬರುತ್ತದೆ. ಮೇಲಿನ ಅಮೋನಿಯಾ ಮೋಡದ ಕೆಳಗೆ, ಆ ಸೊನ್ನೆ ಮಟ್ಟಕ್ಕಿಂತ ಸುಮಾರು 5 ಪಟ್ಟು ಒತ್ತಡ ಇರುವ ಆಳದಲ್ಲಿ ನೀರಿನ ಮೋಡ ಇದೆ. ಅಲ್ಲಿ ಗುಡುಗು ಮಿಂಚು ಎಲ್ಲ ಇದೆ, ಮಿಂಚನ್ನು ವಾಯೇಜರ್ 1979ರಲ್ಲೇ ನೋಡಿತ್ತು. ಬಿರುಗಾಳಿ ನೀರಿನ ಮಂಜನ್ನು ಮೇಲಕ್ಕೆ ಎಸೆದಾಗ ಅಲ್ಲಿ ಅಮೋನಿಯಾ ಸೇರಿ ಮಂಜು ಕರಗುತ್ತದೆ, ಅರ್ಧ ನೀರು ಅರ್ಧ ಮಂಜಿನ ಉಂಡೆ ಆಗುತ್ತದೆ, ಆಲಿಕಲ್ಲಿನ ಹಾಗೆ ಕೆಳಗೆ ಬೀಳುತ್ತದೆ ಅನ್ನುವುದು ಜುನೋ ತಂಡದವರ ಲೆಕ್ಕ. ಮೇಲ್ಪದರದಲ್ಲಿ ಅಮೋನಿಯಾ ಕಡಿಮೆ ಯಾಕೆ ಅನ್ನುವುದಕ್ಕೂ ಅದೇ ಉತ್ತರ ಅನ್ನುತ್ತಾರೆ. ಆದರೆ ಬಿದ್ದ ಮಳೆ ಸೇರಲು ನೆಲ ಇಲ್ಲ. ಬೀಳುತ್ತಾ ಬೀಳುತ್ತಾ ಬಿಸಿಗೆ ಆವಿಯಾಗಿ ಮತ್ತೆ ಮೇಲೆ. ಕಾಲ ಅಂತ ಇಲ್ಲ, ಎಲ್ಲಿ ಉಕ್ಕುತ್ತದೋ ಅಲ್ಲಿ ಮಳೆ.

1995ರ ಡಿಸೆಂಬರ್ 7ರಂದು ಗೆಲಿಲಿಯೋ ನೌಕೆಯಿಂದ ಒಂದು ಪುಟ್ಟ ಶೋಧಕ ಆ ಗಾಳಿಯೊಳಗೇ ಇಳಿಯಿತು. ಸುಮಾರು ಒಂದು ಗಂಟೆ ಬದುಕಿತ್ತು. ಎಲ್ಲರೂ ನೀರು ಸಿಗುತ್ತದೆ ಅಂತ ಕಾದರೆ ಅದು ನೋಡಿದ್ದು ಒಣ ಗಾಳಿ. ಆಮೇಲೆ ಗೊತ್ತಾಯಿತು, ಅದು ಬಿದ್ದದ್ದೇ ಮೋಡ ಸರಿದು ಗಾಳಿ ಕೆಳಗಿಳಿಯುವ ಒಂದು ಒಣ ಜಾಗದಲ್ಲಿ. ಯಾರೋ ಬೇರೆ ಲೋಕದವನು ಏಪ್ರಿಲ್‌ನಲ್ಲಿ ನಾಗಮಂಗಲದ ಬಯಲಲ್ಲಿ ಇಳಿದು, ಕರ್ನಾಟಕದಲ್ಲಿ ನೀರೇ ಇಲ್ಲ ಅಂತ ವರದಿ ಕಳಿಸಿದ ಹಾಗೆ. ಆಗುಂಬೆ ಅವನಿಗೆ ಹೇಗೆ ಗೊತ್ತಾಗಬೇಕು?

ಮೇಷ್ಟ್ರು_ಪಾಂಡವಪುರ

ಎಲ್ಲರಿಗೂ ಧನ್ಯವಾದ. ಸೋಮವಾರ ಕ್ಲಾಸಿನಲ್ಲಿ ಹೇಳಿದೆ. ಪುಷ್ಕರದ ಲೆಕ್ಕ ಮಕ್ಕಳಿಗೆ ಸಲೀಸಾಗಿ ಹತ್ತಿತು. ಒಬ್ಬ ಎದ್ದು, "ಹಂಗಾರೆ ಗುರು ಲೆಕ್ಕದಾಗೆ ನಂಗಿನ್ನೂ ಒಂದೊರ್ಸ ಸಾ" ಅಂದ, ಇಡೀ ಕ್ಲಾಸು ನಕ್ಕಿತು. ಹೊಂಗೆ ಮರದ ಕತೆಗೂ ಎಲ್ಲರೂ ಕಿವಿ ಕೊಟ್ಟರು. ನಾಲೆ ಸಾರ್, ಒಂದು ದಿನ ನಮ್ಮ ಸ್ಕೂಲಿಗೆ ಬಂದು ಅದನ್ನು ನೀವೇ ಹೇಳಬೇಕು, ಬಸ್ ಸ್ಟ್ಯಾಂಡಿನಿಂದ ನಾನೇ ಬೈಕಿನಲ್ಲಿ ಕರೆದುಕೊಂಡು ಬರುತ್ತೇನೆ.

ಪ್ರಶ್ನೆ ಕೇಳಿದ ಹುಡುಗಿಗೆ ಪೆನ್ನು ಕೊಡಿಸಿದೆ. 200 ಪುಟದ ನೋಟ್‌ಬುಕ್ಕೂ ಕೊಡಿಸಿದೆ, ಮೊದಲ ಪುಟದಲ್ಲಿ ಬಳೆ ಇಟ್ಟು ದುಂಡಗೆ ಗೆರೆ ಎಳೆದಿದ್ದಾಳೆ. ಒಳಗೆ ಎರಡು ಪಟ್ಟೆ, ದಕ್ಷಿಣದ್ದು ಸ್ವಲ್ಪ ಕಡು. ಪಕ್ಕದಲ್ಲಿ ದಿನಾಂಕ, ಗಂಟೆ, ಕೆಳಗೆ ಅವಳೇ ಬರೆದದ್ದು: "ಹೊಗೆ ಇತ್ತು." ಗೆಳೆಯನಿಗೆ ದೂರದರ್ಶಕ ಈ ತಿಂಗಳು ವಾಪಸ್ ಕೊಡಬೇಕಿತ್ತು. ಬೇಸಿಗೆ ರಜೆವರೆಗೂ ಇಟ್ಟುಕೊಳ್ಳುತ್ತೇನೆ ಅಂತ ಫೋನ್ ಮಾಡಿ ಹೇಳಿದ್ದೇನೆ, ಅವನು ಇನ್ನೂ ಹೂಂ ಅಂದಿಲ್ಲ.